ಎರಡು ಸಲ ಹೇಳೂ ಊರು

ಊರ ಹೆಸರು ವಾಗ ವಾಗ.
ಬ್ಯಾಗ ಬ್ಯಾಗ, ಸಣ್ಣ ಸಣ್ಣ ಅಂದಂಗ
ಜೋಡೆತ್ತು ಕಟ್ಟಿದ ಹೆಸರು, ಖರೆ; ಆದರ ಆಸ್ಟ್ರೇಲಿಯಾದ ನಕಾಶದಾಗಷ್ಟ.
ಇಲ್ಲಿ ಮಂದಿ ಒಂದ ಸಲ ಅಂದು ಮುಗಿಸತಾರ.
ಎರಡನೇದನ್ನ, ಬೀಗರು ಬಂದರ ಬೇಕಂತ,
ಕಪಾಟಿನಾಗ ಇಟ್ಟಾರ, ಚಲೋ ಕಪ್ಪು-ಬಸಿ ಜೋಡಿ.

ನನಗ ಒಂದಕ್ಕ ನಿಲ್ಲಾಕ ಬರೂದಿಲ್ಲ.
ಊಟ ಗೀಟ, ಬಸ್ಸು ಗಿಸ್ಸು ಅಂತ ಬೆಳದ ನಾಲಗಿ.
"ವಾಗ ಗೀಗ ಎಲ್ಲಾ ಆರಾಮ" ಅಂತ ಫೋನ್ ಮಾಡಿದರ
ಷಡ್ಡಕ ಚನ್ನವೀರ ಕೇಳಿದ:
"ವಾಗ ಗೊತ್ತಾತು. ಗೀಗ ಅಲ್ಲಿಂದ ಎಷ್ಟು ದೂರ?"

ಹದಿನಾಲ್ಕು ವರ್ಷ ಗದಗ ಡಿಪೋದಾಗ ಕಂಡಕ್ಟರ್ ನಾ.
ಎಂಬತ್ತು ಮಂದಿ, ಎರಡು ಕುರಿ, ಒಂದು ಹೊಲಿಗಿ ಮಷೀನು
ಎಲ್ಲಾ ಹೊಟ್ಟಿಲೆ ಸರಿಸಿ ಟಿಕೀಟು ಹರದವ.
ಈಗ ಸುಮಂಗಲಾ ಇಲ್ಲಿ ದವಾಖಾನಿ ನರ್ಸು,
ನಾ ಡ್ರೈವರ್: ಕೂರಿಂಗಲ್‌ನಿಂದ ಪ್ಯಾಟಿ, ಪ್ಯಾಟಿಯಿಂದ ಕೂರಿಂಗಲ್.
ಮೈಸೂರು ಕಡಿಯವರು ಈ ಹೆಸರು ಕೇಳಿದರ
ನಿಂತಲ್ಲೇ ಕೂತು ಬಿಡತಾರ.

ಬಸ್ಸಿನಾಗ ಆರು ಮಂದಿ.
ಒಬ್ಬೊಬ್ಬರು ಒಂದೊಂದು ಕಿಡಕಿ ಹಿಡದು
ವಾಟ್ನಿ ಆದ ಅಣ್ಣತಮ್ಮರಂಗ ದೂರ ದೂರ.
"ಮುಂದ ಸರೀರಿ, ಮುಂದ ಸರೀರಿ" ಅನ್ನೂ ಮಾತು
ಗಂಟಲತನಾ ಬಂದು
ಸರಿಯೋರಿಲ್ಲದ, ತಾನ ಹಿಂದ ಸರೀತೈತಿ.

ಇಳಿಯೂವಾಗ ಎಲ್ಲಾರೂ ಥ್ಯಾಂಕ್ಯೂ ಅಂತಾರ.
ಮೂಗು ಸುರಸೂ ಸಾಲಿ ಹುಡುಗರೂ.
ಮೊದಲನೇ ದಿನ ಎದಿ ಧಸಕ್ಕಂತು:
ಏನೋ ತಪ್ಪು ಮಾಡೇನಿ, ನಾಳೆ ಮೆಮೊ ಬರತೈತಿ.

"ಹೆಂಗ ಹೊಂಟೀಯಪಾ?" ಅಂತ ಕೇಳಿದಳು ಬೆವರ್ಲಿ ಅಜ್ಜಿ.
"ಬೇಲಿಸ್ ಸ್ಟ್ರೀಟ್ ಮ್ಯಾಲಿಂದ" ಅಂದೆ.
ಡ್ರೈವರನ್ನ ಇನ್ನೇನು ಕೇಳತಾರ?
ಮರುದಿನ ಮತ್ತ ಕೇಳಿದಳು. ಮತ್ತ ಹೇಳಿದೆ.
ಅದು ಕ್ಷೇಮಸಮಾಚಾರ ಅಂತ ತಿಳಿಯಾಕ ಎರಡು ವಾರ;
ಅಷ್ಟರಾಗ ಅಜ್ಜಿಗೆ ರೂಟೆಲ್ಲಾ ಬಾಯಿಪಾಠ.

ಸಪ್ಟೆಂಬರ್ ಬಂತಂದರ ಹಕ್ಕಿ ರಾಜ್ಯ.
ಕರಿ-ಬಿಳಿ ಮ್ಯಾಗ್‌ಪೈ, ಗೂಡಿನಾಗ ಮರಿ,
ವಕೀಲರ ಅಂಗಿ, ರೌಡಿ ನಡತಿ.
ಸೈಕಲ್ ಮಂದಿ ಹೆಲ್ಮೆಟ್ಟಿಗೆ ಪ್ಲಾಸ್ಟಿಕ್ ಮುಳ್ಳು ಕಟ್ಟಕೊಂಡು
ಮುಳ್ಳಹಂದಿ ಆಗಿ ಆಫೀಸಿಗೆ ಹೋಗತಾರ;
ಮ್ಯಾಲ ಟೈ ಬ್ಯಾರೆ.
ಟಪಾಲಿನ ನೆವಿಲ್ ಅಂತಾನ: "ಒಮ್ಮೆ ನೋಡಿದ ಮುಖ ಅವು ಮರಿಯೂದಿಲ್ಲ."
ಅವನ ಕಿವಿ ನೋಡಿದ ಮ್ಯಾಲ ನಾ ವಾದಾ ಮಾಡಲಿಲ್ಲ.

ಅದ ನೆವಿಲ್ ಹೇಳಿದ್ದು:
"ಸಂಜಿ ಐದಕ್ಕ ಹೊಳಿಗೆ ದೊಡ್ಡ ತೆರಿ ಬರತೈತಿ. ದಿನಾ. ತಪ್ಪಿಸಬ್ಯಾಡ."
ಸಮುದ್ರ ಇಲ್ಲಿಂದ ಐದು ತಾಸಿನ ಹಾದಿ,
ಆದರ ಹೊಳಿ ದಂಡಿಗೆ 'ಬೀಚ್' ಅಂತ ಬೋರ್ಡ್ ಐತಿ;
ಬೋರ್ಡು ಸುಳ್ಳು ಹೇಳತೈತೇನು?
ನಾನು, ಸುಮಂಗಲಾ, ಎರಡು ಟವಲ್ಲು, ಡಬ್ಬಿ ತುಂಬ ಗಿರಮಿಟ್.
ಐದು. ಐದೂಕಾಲು. ಐದೂವರಿ.
ಮುರಂಬಿಜಿ ಹೊಳಿ, ಹೊಟ್ಟಿ ತುಂಬಿದ ಎಮ್ಮಿಯಂಗ,
ಮೆಲಕಾಡಕೋತ ಹೊಂಟಿತ್ತು.
ಒಂದು ಬಾತುಕೋಳಿ ದಾಟಿತು. ಅದರ ತೆರಿ ಎರಡು ಇಂಚು.
ಸುಮಂಗಲಾ ಅಂದಳು: "ಬಂತು ನೋಡ್ರಿ."

ನಾಯಿ ಹಿಡಕೊಂಡು ಬೆವರ್ಲಿ ಬಂದಳು, ಟವಲ್ ನೋಡಿದಳು,
ಏನೂ ಕೇಳಲಿಲ್ಲ, ಬಾಜು ಕುಂತಳು.
"ಮದಿವ್ಯಾಗಿ ಬಂದ ವರ್ಷ ನನಗೂ ಹೇಳಿದ್ದರು," ಅಂದಳು,
"ನಾ ಒಂದು ವಾರ ಬಂದೆ."
ಮೆತ್ತಗಾದ ಗಿರಮಿಟ್ ಮೂರೂ ಮಂದಿ ತಿಂದಿವಿ.
ಹಸಿಮೆಣಸಿನಕಾಯಿ ಸಿಕ್ಕಿದ್ದು ಅಜ್ಜಿಗೆ. ತೆರಿ ಬಂದದ್ದು ಕಣ್ಣಾಗ.

ನಿನ್ನೆ ಹೊಸಾ ಸಾಲಿ ಮಾಸ್ತರ್ ಹತ್ತಿದ, ಎಡಿನ್‌ಬರೋದಿಂದ ಬಂದಾವ,
ಟ್ಯಾಗು ತಗೀಲಾರದ ಬ್ಯಾಗು.
"ಊರಾಗ ನೋಡೂವಂಥಾದ್ದು ಏನೈತಿ?"
ಕನ್ನಡಿಯಾಗ ಬೆವರ್ಲಿ ಕಣ್ಣು ಕಂಡಿತು.
ನಾ ಸ್ಟೇರಿಂಗ್ ಬಿಡಲಿಲ್ಲ, ಮುಖ ಬಿಡಲಿಲ್ಲ:
"ಐದಕ್ಕರೀ, ಸರಿಯಾಗಿ ಐದಕ್ಕ" ಅಂತ ಸುರು ಮಾಡಿದೆ.
ಕೇಳಾಕಂತ ಆರೂ ಮಂದಿ ಎದ್ದು,
ನಾ ಒದರಲಾರದ,
ಮುಂದ ಸರದರು.